ಸುಮನಹಳ್ಳಿ ಎಂಬ ಹೆಸರಿನ ಹಿಂದೆ



ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಸುಮನಹಳ್ಳಿ ಎಂದೊಡನೆ ನೆನಪಾಗುವುದು ಹೊರವರ್ತುಲ ರಸ್ತೆಯ ಮೇಲ್ಸೇತುವೆ ಮತ್ತು ಅಲ್ಲಿನ ವಾಹನದಟ್ಟಣೆ. ಆ ಹೆಸರು ಬಂದ ಬಗೆಯನ್ನು ಬಲ್ಲವರು ಈಗ ಕಡಿಮೆ. 1970ರ ದಶಕದ ಕೊನೆಯಲ್ಲಿ, ರಾಜ್ಯ ಸರ್ಕಾರದ ಕೋರಿಕೆಯಂತೆ ಕ್ರೈಸ್ತ ಸೇವಾಸಂಸ್ಥೆಗಳು ಮಾಗಡಿ ರಸ್ತೆಯಲ್ಲಿ ಕುಷ್ಠರೋಗಿಗಳಿಗಾಗಿ ತೆರೆದ ಪುನರ್ವಸತಿ ಕೇಂದ್ರದ ಹೆಸರು ಅದು. ಒಳ್ಳೆಯ ಮನಸ್ಸುಳ್ಳವರ ಹಳ್ಳಿ ಎಂದು ಅದರ ಅರ್ಥ. ಊರು ದೂರವಿಟ್ಟವರು ಅಲ್ಲಿ ಚಿಕಿತ್ಸೆ ಪಡೆದರು; ಹೊಲಿಗೆಯನ್ನೂ ಚರ್ಮದ ಕೆಲಸವನ್ನೂ ಕಲಿತು ಸ್ವಂತ ದುಡಿಮೆಯಿಂದ ಬಾಳಿದರು.

ಈಚೆಗೆ ಬಂಧುಗಳ ನಡುವೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ: "ಪ್ರತಿಯೊಂದು ದೇಶವೂ ತನ್ನನ್ನು ತಾನು ನೋಡಿಕೊಂಡರೆ ಸಾಕು, ಈ ವಿಶ್ವಸಂಸ್ಥೆಗಳೆಲ್ಲ ಏತಕ್ಕೆ?" 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವ ಆದೇಶಕ್ಕೆ ಸಹಿ ಹಾಕಿದ ಮೇಲಂತೂ ಈ ವಾದಕ್ಕೆ ಬಲ ಬಂದಿದೆ. ನಾನು ಇದನ್ನು ಒಪ್ಪಲಾರೆ. ನನ್ನ ಕಾರಣ ಮಾಗಡಿ ರಸ್ತೆಯಲ್ಲಿಯೇ ಇದೆ.

ಕುಷ್ಠರೋಗದ ಸೂಕ್ಷ್ಮಾಣುವನ್ನು 1873ರಲ್ಲಿ ಗುರುತಿಸಿದವರು ನಾರ್ವೆಯ ಹ್ಯಾನ್ಸೆನ್. ಡ್ಯಾಪ್ಸೋನ್ ಎಂಬ ರಾಸಾಯನಿಕ 1908ರಲ್ಲಿ ಜರ್ಮನಿಯಲ್ಲಿ ಹುಟ್ಟಿತು. 1940ರ ದಶಕದಲ್ಲಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದ ಸ್ಥಳಗಳಲ್ಲಿ ನಮ್ಮ ನೆರೆಯ ತಮಿಳುನಾಡಿನ ಚೆಂಗಲ್ಪಟ್ಟು ಒಂದು. ಕ್ಲೊಫಾಜಿಮಿನ್ ಡಬ್ಲಿನ್ ನಗರದ ವಿಜ್ಞಾನಿಗಳ ಕೊಡುಗೆ. ಫ್ರಾನ್ಸಿನ ಮಣ್ಣಿನಲ್ಲಿ ದೊರೆತ ಜೀವಾಣುವಿನಿಂದ ರಿಫಾಂಪಿಸಿನ್ ಔಷಧಿಗೆ ದಾರಿ ತೆರೆದದ್ದು ಇಟಲಿಯ ಮಿಲಾನಿನ ಪ್ರಯೋಗಾಲಯ. ಡ್ಯಾಪ್ಸೋನ್ ಒಂದಕ್ಕೇ ಸೂಕ್ಷ್ಮಾಣು ಜಗ್ಗದಂತಾದಾಗ, ಈ ಔಷಧಿಗಳನ್ನು ಕೂಡಿಸಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸಲಹೆ ನೀಡಿತು. 1995ರಿಂದ ಅದು ಈ ಮಾತ್ರೆಗಳನ್ನು ರೋಗಿಗಳಿಗೆ ಉಚಿತವಾಗಿ ಒದಗಿಸುತ್ತಿದೆ. ಮೊದಲ ಐದು ವರ್ಷ ಅದರ ವೆಚ್ಚ ಹೊತ್ತದ್ದು ಜಪಾನಿನ ನಿಪ್ಪಾನ್ ಫೌಂಡೇಶನ್. 2000ದಿಂದ ಸ್ವಿಟ್ಜರ್‌ಲೆಂಡಿನ ನೊವಾರ್ಟಿಸ್ ಔಷಧಿ ದಾನ ಮಾಡುತ್ತಿದೆ. ತನ್ನನ್ನು ತಾನು ನೋಡಿಕೊಳ್ಳುವ ಯಾವ ಒಂದು ದೇಶ ಇಷ್ಟನ್ನೂ ಒಂಟಿಯಾಗಿ ಮಾಡಬಲ್ಲದಾಗಿತ್ತು?

ಇದಕ್ಕೂ ಶಾಂತಿಗೂ ಏನು ಸಂಬಂಧ ಎನ್ನುವವರಿಗೆ ಫ್ರಾನ್ಸಿನ ರಾವುಲ್ ಫೊಲೆರೊ ಅವರ ಕಥೆ ಹೇಳಬೇಕು. 1954ರಲ್ಲಿ, ಶೀತಲ ಸಮರದ ನಡುವೆ, ಅವರು ಅಮೆರಿಕ ಹಾಗೂ ಸೋವಿಯತ್ ಒಕ್ಕೂಟದ ನಾಯಕರಿಬ್ಬರಿಗೂ ಪತ್ರ ಬರೆದು, ತಲಾ ಒಂದು ಬಾಂಬರ್ ವಿಮಾನದ ಬೆಲೆಯನ್ನು ಕೇಳಿದರು. ಆ ಎರಡು ವಿಮಾನಗಳ ಹಣದಲ್ಲಿ ಜಗತ್ತಿನ ಕುಷ್ಠರೋಗಿಗಳೆಲ್ಲರನ್ನೂ ಗುಣಪಡಿಸಬಹುದೆಂಬುದು ಅವರ ಲೆಕ್ಕ. ಹಣ ಬರಲಿಲ್ಲ. ಅದೇ ವರ್ಷ ಅವರು ಆರಂಭಿಸಿದ ವಿಶ್ವ ಕುಷ್ಠರೋಗ ದಿನ ಮಾತ್ರ ಉಳಿದುಬಂದಿದೆ. ಸೇವಾಗ್ರಾಮದಲ್ಲಿ ಪರಚುರೆ ಶಾಸ್ತ್ರಿಗಳ ವ್ರಣಗಳನ್ನು ಸ್ವತಃ ಶುಶ್ರೂಷೆ ಮಾಡಿದ ಗಾಂಧೀಜಿಯವರ ನೆನಪಿಗಾಗಿ ನಾವು ಅದನ್ನು ಜನವರಿ 30ರಂದು ಆಚರಿಸುತ್ತೇವೆ.

ಹೊರಗಿನವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ನಮ್ಮ ಪಾಲಿನದು ಇನ್ನೂ ಉಳಿದಿದೆ. 2005ರ ಕೊನೆಗೆ ಭಾರತದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿದಾಗ ರೋಗವೇ ಹೋಯಿತೆಂದು ಅನೇಕರು ತಿಳಿದರು. ಆದರೆ 2023ರಲ್ಲಿಯೂ ನಮ್ಮ ದೇಶದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಹೊಸ ರೋಗಿಗಳು ಪತ್ತೆಯಾದರು. ಅದು ಇಡೀ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಕುಷ್ಠರೋಗವನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಾನೂನನ್ನು ನಾವು ತಿದ್ದಿದ್ದು 2019ರಲ್ಲಿ. ಔಷಧಿ ಬಂದು ಎಷ್ಟೋ ವರ್ಷಗಳಾದ ಮೇಲೆ!

ಮಾತ್ರೆ ಸಾಗರ ದಾಟಿ ಬರಬಲ್ಲದು. ಮನೆಯೊಳಗಿನ ಅಂಜಿಕೆಯನ್ನು ಮನೆಯವರೇ ಕಳೆಯಬೇಕು. ನಾಚಿ ಮುಚ್ಚಿಟ್ಟವರ ಕೈಬೆರಳುಗಳೇ ಮುರುಟುವುದು. ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ವೈದ್ಯರು, ಕಾರ್ಖಾನೆ ನಡೆಸುವವರು. ಮಗುವಿನ ಮೈಮೇಲೆಯೋ ಕೆಲಸದವರ ತೋಳಿನ ಮೇಲೆಯೋ ಸ್ಪರ್ಶ ತಿಳಿಯದ, ಬಣ್ಣಗೆಟ್ಟ ಮಚ್ಚೆ ಕಂಡರೆ ದೂರ ಸರಿಯಬೇಡಿ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷದ ಚಿಕಿತ್ಸೆ, ಅದೂ ಉಚಿತ. ಚಿಕಿತ್ಸೆ ಮುಗಿಯುವವರೆಗೂ ಅವರನ್ನು ಶಾಲೆಯಿಂದಾಗಲಿ ಕೆಲಸದಿಂದಾಗಲಿ ಬಿಡಿಸಬೇಡಿ.