ಕ್ಯಾಂಪಸ್ ವೈಫೈ: ಡಬ್ಬಿಯ ರೇಟು ಎಲ್ಲರಿಗೂ ಗೊತ್ತು, ಆರನೇ ವರ್ಷದ ಬಿಲ್ ಯಾರದ್ದು?

ಹೋದ ವಾರ ಗೆಳೆಯನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಎಕ್ಸೆಲ್ ಶೀಟ್ ಒಂದನ್ನು ಕಳಿಸಿದ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತಾನೆ. ಕ್ಯಾಂಪಸ್ ವೈಫೈ ಖರೀದಿಯ ತಾಂತ್ರಿಕ ಸಮಿತಿಗೆ ಅವನನ್ನೂ ಹಾಕಿದ್ದಾರೆ. ಶೀಟ್‌ನಲ್ಲಿ ಐದು ಹೆಸರು: ಸಿಸ್ಕೊ, ಅರುಬಾ, ಜುನಿಪರ್ ಮಿಸ್ಟ್, ರಕ್ಕಸ್ (ಹೆಸರು ಕೇಳಿ ಹೆದರಬೇಡಿ, ಕಂಪನಿ ಸೌಮ್ಯವೇ), ಮತ್ತು ನಮ್ಮ ದೇಶದ ಎಚ್‌ಎಫ್‌ಸಿಎಲ್. ಒಂದೊಂದರ ಮುಂದೆ ಎಷ್ಟು ಆಂಟೆನಾ, ಎಷ್ಟು ಸ್ಪೀಡು, ಎಷ್ಟು ರೇಟು. "ಇಂಜಿನಿಯರಿಂಗ್ ಓದಿದೋನು ನೀನು, ಯಾವುದು ಒಳ್ಳೇದು ಹೇಳೋ" ಅಂದ.

"ಐದಲ್ಲ ಮಾರಾಯ, ನಾಲ್ಕೇ" ಅಂದೆ.

ಅರುಬಾ 2015ರಿಂದ ಎಚ್‌ಪಿ ಮನೆತನದ್ದು, ಈಗ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್‌ನದ್ದು. 2025ರ ಜುಲೈನಲ್ಲಿ ಅದೇ ಕಂಪನಿ ಸುಮಾರು 14 ಬಿಲಿಯನ್ ಡಾಲರ್ ಕೊಟ್ಟು ಜುನಿಪರ್ ಅನ್ನೂ ಕೊಂಡುಕೊಂಡಿತು. ಕೊಳ್ಳುವ ಮೊದಲು ಅಮೆರಿಕದ ನ್ಯಾಯ ಇಲಾಖೆಯೇ ಕೋರ್ಟಿಗೆ ಹೋಗಿತ್ತು. ಇಬ್ಬರೂ ಒಂದಾದರೆ ಅಲ್ಲಿನ ದೊಡ್ಡ ಸಂಸ್ಥೆಗಳ ವೈಫೈ ಮಾರುಕಟ್ಟೆಯ ಶೇ 70ಕ್ಕಿಂತ ಹೆಚ್ಚು ಭಾಗ ಸಿಸ್ಕೊ ಮತ್ತು ಎಚ್‌ಪಿಇ ಕೈಗೆ ಹೋಗುತ್ತೆ ಅನ್ನೋದು ಅದರ ವಾದ. ಆಮೇಲೆ ರಾಜಿಯಾಯಿತು. ರಕ್ಕಸ್ ಕಥೆ ಇನ್ನೂ ಸ್ವಾರಸ್ಯ. 2016ರಲ್ಲಿ ಬ್ರೊಕೇಡ್, 2017ರಲ್ಲಿ ಆ್ಯರಿಸ್, 2019ರಲ್ಲಿ ಕಾಮ್‌ಸ್ಕೋಪ್: ಮೂರು ವರ್ಷದಲ್ಲಿ ಮೂರು ಮನೆ. ನಮ್ಮ ವಿ.ವಿ.ಗಳು ಒಮ್ಮೆ ಕೊಂಡರೆ ಏಳೆಂಟು ವರ್ಷ ಅದೇ ಡಬ್ಬಿ ಓಡಿಸುತ್ತವೆ. ಅಷ್ಟರಲ್ಲಿ ಮಾರಿದವನ ವಿಳಾಸವೇ ಬದಲಾಗಿರಬಹುದು.

ನನಗೆ ಕಾಡಿದ್ದು ಮಾತ್ರ ಆ ಶೀಟ್‌ನಲ್ಲಿ ಇಲ್ಲದ ಕಾಲಂ: ಲೈಸೆನ್ಸು. ಇವತ್ತು ವೈಫೈ ಅಂದರೆ ಗೋಡೆಗೆ ಹೊಡೆಯುವ ಡಬ್ಬಿ ಮಾತ್ರವಲ್ಲ, ಅದನ್ನು ನಡೆಸುವ ಕ್ಲೌಡ್ ಚಂದಾ ಕೂಡ. ಸಿಸ್ಕೊ 2012ರಲ್ಲಿ ಕೊಂಡ ಮೆರಾಕಿ ನೋಡಿ. ಅದರ ಕೋ-ಟರ್ಮ್ ಪದ್ಧತಿಯಲ್ಲಿ ಅವಧಿ ಮುಗಿದು 30 ದಿನದೊಳಗೆ ನವೀಕರಿಸದಿದ್ದರೆ ಜಾಲವೇ ನಿಲ್ಲುತ್ತೆ. ಡಬ್ಬಿ ನಿಮ್ಮದೇ, ಗೋಡೆ ನಿಮ್ಮದೇ, ಕರೆಂಟ್ ಬಿಲ್ಲೂ ನಿಮ್ಮದೇ, ವೈಫೈ ಇಲ್ಲ. ಇದು ಗುಟ್ಟೇನಲ್ಲ, ಅವರ ದಾಖಲೆಯಲ್ಲೇ ಇದೆ. ಹಾಗಂತ ಮೆರಾಕಿ ಕೆಟ್ಟದ್ದಲ್ಲ. ಪ್ರತಿವರ್ಷ ಐಟಿ ಬಜೆಟ್ ಇರುವ ಖಾಸಗಿ ವಿ.ವಿ.ಗೆ ಅದರಷ್ಟು ಸಲೀಸಾದ್ದು ಕಡಿಮೆ. ಅರುಬಾದಲ್ಲಿ ಕ್ಲೌಡ್ ಇಲ್ಲದೆ ಓಡಿಸುವ ಇನ್‌ಸ್ಟಂಟ್ ಮೋಡ್, ರಕ್ಕಸ್‌ನಲ್ಲಿ ಅನ್‌ಲೀಶ್ಡ್ ಇವೆ. ದೊಡ್ಡ ಕ್ಯಾಂಪಸ್ಸಿಗೆ ಅವು ಸಾಲುತ್ತವಾ ಅನ್ನೋದು ಬೇರೆ ಪ್ರಶ್ನೆ, ಆದರೆ ಕನಿಷ್ಠ ದೀಪ ಆರಲ್ಲ.

ಸರ್ಕಾರಿ ವಿ.ವಿ.ಯ ದುಡ್ಡು ಬರುವ ರೀತಿಯೇ ಬೇರೆ. ಯೋಜನೆಯ ಅನುದಾನ ಒಂದೇ ಸಲ ಬರುತ್ತೆ, ಅದೂ ಬಂಡವಾಳ ವೆಚ್ಚಕ್ಕೆ. ಡಬ್ಬಿ ಕೊಳ್ಳಬಹುದು, ಐದು ವರ್ಷದ ಲೈಸೆನ್ಸನ್ನೂ ಅದರಲ್ಲೇ ಸೇರಿಸಬಹುದು. ಆರನೇ ವರ್ಷದ ಚಂದಾಕ್ಕೆ ಲೆಕ್ಕಶೀರ್ಷಿಕೆಯೇ ಇರಲ್ಲ. ಅತಿಥಿ ಉಪನ್ಯಾಸಕರ ಸಂಬಳವೇ ತಿಂಗಳುಗಟ್ಟಲೆ ತಡವಾಗುವ ಕಡೆ, ವೈಫೈ ಚಂದಾ ಕೇಳುವ ಫೈಲಿಗೆ ಹಣಕಾಸು ಅಧಿಕಾರಿ ಏನು ಬರೀತಾರೆ ಅಂತ ನೀವೇ ಊಹಿಸಿ.

ಸ್ಪೀಡಿನ ಕಾಲಂ ಬಗ್ಗೆ ಒಂದು ಮಾತು. ವೈಫೈ 7 ಬ್ರೋಷರಿನ ದೊಡ್ಡ ಅಂಕಿ 6 ಗಿಗಾಹರ್ಟ್ಸ್‌ನ 320 ಮೆಗಾಹರ್ಟ್ಸ್ ಅಗಲದ ಚಾನೆಲ್ ನಂಬಿಕೊಂಡಿದೆ. ಅಮೆರಿಕ 2020ರಲ್ಲಿ ಈ ಬ್ಯಾಂಡಿನ 1,200 ಮೆಗಾಹರ್ಟ್ಸ್ ಬಿಟ್ಟುಕೊಟ್ಟಿತು. ನಮ್ಮ ಕೇಂದ್ರ ಸರ್ಕಾರ 2025ರ ಮೇನಲ್ಲಿ ಕರಡು ನಿಯಮ ತಂದಿದ್ದು ಕೆಳಗಿನ 500ಕ್ಕೆ ಮಾತ್ರ. ಅದರಲ್ಲಿ ಅಂಥ ಚಾನೆಲ್ ಹಿಡಿಸುವುದು ಒಂದೇ ಒಂದು. ಅಕ್ಕಪಕ್ಕದ ನೂರು ಡಬ್ಬಿಗಳು ಅದೊಂದಕ್ಕೇ ಜಗಳಾಡಬೇಕು. ಹಾಗಾಗಿ ಆ ಅಂಕಿಗೆ ಅಂಕ ಕೊಡುವುದೇ ದಂಡ.

ನಾನು ಓದಿದ ಕಾಲೇಜಿನ ಹಾಸ್ಟೆಲಿನಲ್ಲೂ ಒಳ್ಳೆ ಬ್ರ್ಯಾಂಡಿನ ಡಬ್ಬಿಗಳೇ ಇದ್ದವು. ಎಲ್ಲವನ್ನೂ ಕಾರಿಡಾರಿನಲ್ಲಿ ಸಾಲಾಗಿ ಹೊಡೆದಿದ್ದರು. ಉದ್ದದ ಕಾರಿಡಾರಿನಲ್ಲಿ ಅವು ಒಂದರ ಮಾತು ಒಂದಕ್ಕೆ ಕೇಳಿಸಿಕೊಂಡು ಸರದಿ ಕಾಯುತ್ತಿದ್ದವು. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು ಅನ್ನೋದು ವೈಫೈನ ಧರ್ಮ. ಸೈಜುಗಲ್ಲಿನ ಗೋಡೆ ದಾಟಿ ರೂಮಿನೊಳಗೆ ಬರುವ ಹೊತ್ತಿಗೆ ಸಿಗ್ನಲ್ ಸುಸ್ತು. ರಾತ್ರಿ ಹತ್ತಾದರೆ ನಾವೆಲ್ಲ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಮೇಲೆ. ಅದೇ ಡಬ್ಬಿಗಳನ್ನು ರೂಮುಗಳೊಳಗೆ ಹಂಚಿದ್ದರೆ ಕೇಬಲ್ ಖರ್ಚು ಏರುತ್ತಿತ್ತು, ಮೆಟ್ಟಿಲು ಖಾಲಿ ಇರುತ್ತಿತ್ತು.

ಆಗ ನಾವು ಕಳೆದುಕೊಂಡಿದ್ದು ಹೆಚ್ಚೆಂದರೆ ಸಿನಿಮಾ. ಈಗ ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶ ಎಲ್ಲ ಯುಯುಸಿಎಂಎಸ್‌ನಲ್ಲಿ, ವಿದ್ಯಾರ್ಥಿವೇತನ ಎಸ್‌ಎಸ್‌ಪಿಯಲ್ಲಿ. ಡೇಟಾ ಪ್ಯಾಕ್ ಮುಗಿದ ಹುಡುಗಿಗೆ ಕೊನೆಯ ದಿನ ಹಾಸ್ಟೆಲ್ ವೈಫೈ ಕೈಕೊಟ್ಟರೆ ಸೈಬರ್ ಸೆಂಟರ್ ಹುಡುಕಿಕೊಂಡು ಓಡಬೇಕು.

ಗೆಳೆಯನಿಗೆ ಹೇಳಿದ್ದಿಷ್ಟು. ಡಬ್ಬಿಯ ರೇಟಿನ ಬದಲು ಎಂಟು ವರ್ಷದ ಒಟ್ಟು ಖರ್ಚಿನ ಮೇಲೆ ಎಲ್-1 ನಿರ್ಧರಿಸಿ. ಲೈಸೆನ್ಸ್ ಮುಗಿದ ಮಾರನೇ ದಿನ ಏನು ಓಡುತ್ತೆ, ಏನು ನಿಲ್ಲುತ್ತೆ ಅಂತ ಪ್ರತಿ ಬಿಡ್ಡರ್ ಹತ್ತಿರ ಬರವಣಿಗೆಯಲ್ಲಿ ತಗೊಳ್ಳಿ. ಒಂದು ಹಾಸ್ಟೆಲ್ ಬ್ಲಾಕಿನಲ್ಲಿ, ರಾತ್ರಿ ಹತ್ತಕ್ಕೆ, ಹುಡುಗರೆಲ್ಲ ಇರುವಾಗ ಹಚ್ಚಿ ತೋರಿಸಲಿ. ಎಚ್‌ಎಫ್‌ಸಿಎಲ್‌ಗೂ ಅದೇ ಪರೀಕ್ಷೆ, ಸಿಸ್ಕೊಗೂ ಅದೇ. ಲಾಗಿನ್‌ಗೆ ಎಡುರೋಮ್ ಕಡ್ಡಾಯ ಮಾಡಿ. ಭಾರತದಲ್ಲಿ ಅದನ್ನು ಅರ್ನೆಟ್ ನಡೆಸುತ್ತೆ, ಮತ್ತು ಅದು ಯಾವ ಕಂಪನಿಯ ಸ್ವತ್ತೂ ಅಲ್ಲ.

ಅವನು ಸಮಿತಿಯಲ್ಲಿ ಇದನ್ನೆಲ್ಲ ಹೇಳಿದನಂತೆ. ಎಂಟು ವರ್ಷದ ಲೆಕ್ಕಕ್ಕೆ ಯಾರೂ ಬೇಡ ಅನ್ನಲಿಲ್ಲ. ರಾತ್ರಿ ಹತ್ತರ ಪರೀಕ್ಷೆಗೆ ಮಾತ್ರ ಹಿರಿಯ ಸದಸ್ಯರೊಬ್ಬರು, "ಅಷ್ಟೊತ್ತಲ್ಲಿ ಹಾಸ್ಟೆಲಿಗೆ ಯಾರ್ರೀ ಹೋಗ್ತಾರೆ?" ಅಂದರಂತೆ. ಬರುವ ಸೋಮವಾರ ಪ್ರಿ-ಬಿಡ್ ಮೀಟಿಂಗ್ ಇದೆ. ತಾನೇ ಹೋಗ್ತೀನಿ ಅಂತ ಇವನು ಬರೆದುಕೊಟ್ಟಿದ್ದಾನೆ.