ಟಿ.ವಿ.ಯಲ್ಲಿ ಸಿನಿಮಾ: ಹಕ್ಕು ಯಾರದು, ಹೊತ್ತು ಯಾವುದು?

ರವಿವಾರ ಟಿ.ವಿ.ಯಲ್ಲಿ ಒಳ್ಳೆಯ ಸಿನಿಮಾ ಬಂದರೆ ಮನೆಮಂದಿಯೆಲ್ಲ ಕೂಡಿ ನೋಡುವುದುಂಟು. ಆದರೆ ಕೆಲವು ಚಿತ್ರಗಳು ಮತ್ತೆ ಮತ್ತೆ ಬರುತ್ತವೆ. ಪ್ರಶಸ್ತಿ ಪಡೆದ ಎಷ್ಟೋ ಚಿತ್ರಗಳು ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಹೀಗೇಕೆ ಎಂಬ ಮಕ್ಕಳ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಕರಾರುಪತ್ರದಲ್ಲಿದೆ.

ಮುಧೋಳ ತಾಲ್ಲೂಕಿನ ತಿಮ್ಮಾಪುರ ಸಕ್ಕರೆ ಕಾರ್ಖಾನೆಯ ಊರು. ಅಲ್ಲಿಯ ಮಕ್ಕಳಿಗೆ ಇದನ್ನು ಕಬ್ಬಿನ ಲೆಕ್ಕದಲ್ಲಿಯೇ ಹೇಳಬಹುದು. ಒಮ್ಮೆ ನಾಟಿ ಮಾಡಿದ ಕಬ್ಬು ಕಡಿದ ಮೇಲೆಯೂ ಕುಳೆಯಾಗಿ ಚಿಗುರುತ್ತದೆ. ಸಿನಿಮಾಕ್ಕೆ ಚಿತ್ರಮಂದಿರ ಮೊದಲ ಬೆಳೆ, ಟಿ.ವಿ. ಕುಳೆ ಬೆಳೆ. ಹೊಲವನ್ನು ಲಾವಣಿಗೆ ಹಾಕಿದಂತೆ ನಿರ್ಮಾಪಕರು ಚಿತ್ರವನ್ನು ವಾಹಿನಿಗೆ ಕೊಡುತ್ತಾರೆ. ಎಷ್ಟು ವರ್ಷ, ಎಷ್ಟು ಸಲ, ಯಾವ ಪ್ರದೇಶಕ್ಕೆ, ಯಾವ ಮಾಧ್ಯಮದಲ್ಲಿ ಎಂಬುದೆಲ್ಲ ಕರಾರಿನಲ್ಲಿ ಬರೆದಿರುತ್ತದೆ. ಪ್ರಸಾರದ ಸಂಖ್ಯೆಗೆ ಮಿತಿ ಇಲ್ಲದಿದ್ದರೆ ವಾಹಿನಿ ಹೊಸ ಖರ್ಚಿಲ್ಲದೆ ಅದೇ ಚಿತ್ರವನ್ನು ಮತ್ತೆ ತೋರಿಸಬಹುದು. ಕೊಳ್ಳುವವರೇ ಇಲ್ಲದ ಚಿತ್ರ ಡಬ್ಬಿಯಲ್ಲಿ ಉಳಿಯುತ್ತದೆ.

ಈ ಭಾಗದ ಹಳ್ಳಿಗಳಿಗೆ ಟಿ.ವಿ. ಮೊದಲು ಬಂದಾಗ ಇಂಥ ವ್ಯವಹಾರ ಇರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಾಲೆಯ ಪಾಠ, ಕೃಷಿ, ಆರೋಗ್ಯದ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಿಂದ ಆಯ್ಕೆಯಾದವು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಮುಧೋಳ, ಜಮಖಂಡಿಗಳು ಆಗ ವಿಜಾಪುರ ಜಿಲ್ಲೆಯಲ್ಲಿದ್ದವು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ.

1981ರಲ್ಲಿ ಬೆಂಗಳೂರು ದೂರದರ್ಶನ ಆರಂಭವಾಯಿತು. ಎಂಬತ್ತರ ದಶಕದಲ್ಲಿ ರವಿವಾರ ಮಧ್ಯಾಹ್ನ ರಾಷ್ಟ್ರೀಯ ಜಾಲದಲ್ಲಿ ಪ್ರಾದೇಶಿಕ ಭಾಷೆಗಳ ಒಳ್ಳೆಯ ಚಿತ್ರಗಳು ಇಂಗ್ಲಿಷ್ ಅಡಿಬರಹದೊಂದಿಗೆ ಬರುತ್ತಿದ್ದವು. ಆಗ ಕೊಳ್ಳುವವರು ದೂರದರ್ಶನ ಒಂದೇ. 1994ರಲ್ಲಿ ಉದಯ ಟಿ.ವಿ., 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಬಂದವು; ಪೈಪೋಟಿ ಬೆಳೆಯಿತು. ಜಾಹೀರಾತು ತರುವ ಜನಪ್ರಿಯ ಚಿತ್ರಕ್ಕೆ ಬೆಲೆ ಏರಿತು, ಸಣ್ಣ ಚಿತ್ರಕ್ಕೆ ಹೊತ್ತು ಸಿಗುವುದು ಕಷ್ಟವಾಯಿತು.

ಹಳೆಯ ಕರಾರುಗಳಲ್ಲಿ ‘ಉಪಗ್ರಹ ಪ್ರಸಾರ’ ಎಂಬ ಮಾತೇ ಇರಲಿಲ್ಲ. ವಿಡಿಯೋ ಹಕ್ಕು ಕೊಂಡವರಿಗೆ ಉಪಗ್ರಹದ ಹಕ್ಕೂ ಸೇರಿತೇ ಎಂಬ ತಕರಾರು ಎದ್ದಿತು. 1998ರಲ್ಲಿ ಬಾಂಬೆ ಹೈಕೋರ್ಟ್ ಅಂಥ ಒಂದು ಮೊಕದ್ದಮೆಯಲ್ಲಿ ಇವು ಬೇರೆ ಬೇರೆ ಹಕ್ಕುಗಳೆಂದು ಹೇಳಿತು. 1957ರ ಕೃತಿಸ್ವಾಮ್ಯ ಕಾಯಿದೆಗೆ ಆದ ತಿದ್ದುಪಡಿಗಳೂ ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ತಿಳಿಯಬೇಕು. ಕರಾರಿನ ಕಾಲಕ್ಕೆ ಇಲ್ಲದಿದ್ದ ಮಾಧ್ಯಮದ ಹಕ್ಕು, ಅದನ್ನು ಹೆಸರಿಸಿ ಬರೆಯದ ಹೊರತು, ಕೊಂಡವರಿಗೆ ಹೋಗುವುದಿಲ್ಲ ಎಂಬ ಮಾತು ಸೇರಿದ್ದು 2012ರಲ್ಲಿ.

ಚಿತ್ರದ ಹಕ್ಕಿಗೂ ಕೊನೆಯಿದೆ. ಬಿಡುಗಡೆಯಾದ ಮರುವರ್ಷದಿಂದ ಎಣಿಸಿ 60 ವರ್ಷ. 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೆ ಮುಗಿಯಿತು, 1972ರ ‘ಬಂಗಾರದ ಮನುಷ್ಯ’ದ ಅವಧಿ 2032ರ ಕೊನೆಯವರೆಗಿದೆ. ಚಿತ್ರದೊಳಗಿನ ಕಥೆ, ಹಾಡುಗಳ ಹಕ್ಕಿನ ಲೆಕ್ಕ ಬೇರೆ.

ಇನ್ನು ಹೊತ್ತಿನ ಮಾತು. ಆಸ್ಟ್ರೇಲಿಯಾದಲ್ಲಿ ಪ್ರೇಕ್ಷಕರ ಎಣಿಕೆ ಮುಖ್ಯವಾಗುವ ವಾರಗಳಿಗಾಗಿ ಉಚಿತ ವಾಹಿನಿಗಳು ದೊಡ್ಡ ಚಿತ್ರಗಳನ್ನು ಕಾಯ್ದಿಡುತ್ತಿದ್ದವು. ನಮ್ಮಲ್ಲಿ ದೊಡ್ಡ ಚಿತ್ರಗಳಿಗೆ ಹಬ್ಬ, ರವಿವಾರಗಳನ್ನು ಆರಿಸುತ್ತಾರೆ. ಕೇಬಲ್ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತಿಗೆ ಅವಕಾಶವಿದೆ. ಹಾಗಾಗಿ ಸಂಜೆ 7ಕ್ಕೆ ಶುರುವಾದ ಎರಡೂವರೆ ಗಂಟೆಯ ಚಿತ್ರ ಮುಗಿಯುವ ಹೊತ್ತಿಗೆ ರಾತ್ರಿ 10 ದಾಟುತ್ತದೆ. ಪರೀಕ್ಷೆಯ ಮುನ್ನಾದಿನ ‘ಒಂದೇ ಸಿನಿಮಾ’ ಎನ್ನುವ ಮೊದಲು ಪಾಲಕರೂ ಮಕ್ಕಳೂ ಕೂಡಿ ಈ ಗಣಿತ ಮಾಡುವುದು ಲೇಸು. ‘ಎ’ ಪ್ರಮಾಣಪತ್ರದ ಚಿತ್ರವನ್ನು ಟಿ.ವಿ.ಯಲ್ಲಿ ತೋರಿಸಲು ಬೇರೆ ಪ್ರಮಾಣಪತ್ರ ಬೇಕೆಂದು 2023ರ ತಿದ್ದುಪಡಿ ಹೇಳುತ್ತದೆ. ‘ಯುಎ’ ಗುರುತಿನ ಜೊತೆಗಿರುವ 7, 13, 16 ಎಂಬ ಅಂಕಿಗಳು ವಯಸ್ಸನ್ನು ಸೂಚಿಸುತ್ತವೆ. ಅವುಗಳನ್ನು ಗಮನಿಸುವ ಹೊಣೆ ಪಾಲಕರದು.

ಕಥೆ, ಹಾಡು ಬರೆಯುವ, ಕಿರುಚಿತ್ರ ತೆಗೆಯುವ ವಿದ್ಯಾರ್ಥಿಗಳು ಇಂದು ನಮ್ಮ ಊರುಗಳಲ್ಲಿಯೂ ಇದ್ದಾರೆ. ನಾಳೆ ಯಾರಾದರೂ ಅದನ್ನು ಕೇಳಿಕೊಂಡು ಬಂದರೆ ಸಂತೋಷದಲ್ಲಿ ಕೂಡಲೇ ಸಹಿ ಹಾಕಬಾರದು. ಎಷ್ಟು ವರ್ಷಕ್ಕೆ, ಎಲ್ಲಿಗೆ, ಯಾವ ಮಾಧ್ಯಮಕ್ಕೆ, ಎಷ್ಟು ಹಣಕ್ಕೆ ಎಂಬ ನಾಲ್ಕು ಮಾತು ಕಾಗದದಲ್ಲಿ ಇವೆಯೇ ಎಂದು ಹಿರಿಯರೊಡನೆ ಕುಳಿತು ಓದಬೇಕು. ಲಾವಣಿಯ ಕಾಗದವನ್ನು ಓದದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ಹಿರಿಯರಿಗೆ ಗೊತ್ತಿದೆ. ಬರೆದ ಕಥೆಯೂ ಒಂದು ಹೊಲವೇ.