ಗೋಡೆಯ ಮೇಲೆ ಯಾರ ಪಟ?

ಅಕ್ಟೋಬರ್ ತಿಂಗಳು ಮುಗಿಯುತ್ತ ಬಂದಂತೆ ಜಿಲ್ಲಾ ಕೇಂದ್ರಗಳ ಕಚೇರಿಗಳಲ್ಲಿ ಒಂದು ಬಗೆಯ ಓಡಾಟ ಹೆಚ್ಚುತ್ತದೆ. ಹಳೆಯ ಆಮಂತ್ರಣ ಪತ್ರಿಕೆ, ಪತ್ರಿಕೆಯ ತುಣುಕು, ಶಾಲು ಹೊದ್ದು ನಿಂತ ಫೋಟೊಗಳನ್ನೆಲ್ಲ ಫೈಲಿಗೆ ಸೇರಿಸಿಕೊಂಡ ಕಲಾವಿದರು ರಾಜ್ಯೋತ್ಸವ ಪ್ರಶಸ್ತಿಗಾಗಿ, ಅದು ದಕ್ಕದಿದ್ದರೆ ಜಿಲ್ಲಾಡಳಿತ ಕೊಡುವ ಪ್ರಶಸ್ತಿಗಾಗಿಯಾದರೂ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಾರೆ. ಒಂದು ಕಾಲಕ್ಕೆ ರಾಜ್ಯೋತ್ಸವ ಪುರಸ್ಕೃತರ ಸಂಖ್ಯೆ ನೂರನ್ನು ದಾಟಿ ನಗೆಪಾಟಲಿಗೆ ಈಡಾಗಿತ್ತು. ಆಮೇಲೆ ರಾಜ್ಯದ ವಯಸ್ಸೆಷ್ಟೋ ಅಷ್ಟೇ ಪ್ರಶಸ್ತಿ ಎಂಬ ಲೆಕ್ಕ ಬಂತು. 2024ರಲ್ಲಿ 69, 2025ರಲ್ಲಿ 70. ಸಾರ್ವಜನಿಕರೇ ಹೆಸರು ಸೂಚಿಸುವ ಅವಕಾಶವೂ ಬಂತು. ಸಂಖ್ಯೆಯ ಗೊಂದಲ ಹೀಗೆ ತಹಬಂದಿಗೆ ಬಂದರೂ, ಯಾರು ಅರ್ಹರು, ಯಾವ ಕಾರಣಕ್ಕೆ ಅರ್ಹರು ಎಂಬ ತಕರಾರು ಪ್ರತಿ ನವೆಂಬರ್ ಒಂದರ ಮರುದಿನ ಹೊಸದಾಗಿ ಹುಟ್ಟಿಕೊಳ್ಳುತ್ತದೆ.

ಸಂಗೀತಗಾರರ ಮಟ್ಟಿಗೆ ಈ ತಕರಾರನ್ನು ಒರೆಗೆ ಹಚ್ಚಲು ಹಾಸನ ಜಿಲ್ಲೆಗಿಂತ ತಕ್ಕ ಜಾಗ ಕಡಿಮೆ. ಜಿಲ್ಲೆಯ ಸಂಗೀತಗಾರರಿಗೆಂದು ಒಂದು ಗೌರವಭವನ ಕಟ್ಟುವುದಾದರೆ, ಕೊನೆಗೆ ಹಾಸನಾಂಬ ಕಲಾಕ್ಷೇತ್ರದ ಒಂದು ಗೋಡೆಯನ್ನಾದರೂ ಅದಕ್ಕೆ ಬಿಟ್ಟುಕೊಡುವುದಾದರೆ, ಆ ಗೋಡೆಯ ಮೇಲೆ ಯಾರ ಪಟ ತೂಗಬೇಕು?

ಮೊದಲ ಉತ್ತರ ಯಾರ ಬಾಯಲ್ಲಾದರೂ ಸಿದ್ಧವಾಗಿರುತ್ತದೆ: ರುದ್ರಪಟ್ಟಣ. ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಂಡೆಯ ಈ ಸಣ್ಣ ಊರು ಕರ್ನಾಟಕ ಸಂಗೀತಕ್ಕೆ ಕೊಟ್ಟಷ್ಟು ಹೆಸರುಗಳನ್ನು ದೊಡ್ಡ ನಗರಗಳೂ ಕೊಟ್ಟಿಲ್ಲ. ವೇದಾಧ್ಯಯನ ಮತ್ತು ಸಂಗೀತ ಎರಡನ್ನೂ ಮನೆಯ ಕಸುಬಿನಂತೆ ಉಳಿಸಿಕೊಂಡ ಸಂಕೇತಿ ಕುಟುಂಬಗಳ ಊರು ಇದು. 1920ರಲ್ಲಿ ಇಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ 1995ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ'ಯಾದರು, 2011ರಲ್ಲಿ ಪದ್ಮಭೂಷಣ ಪಡೆದರು. 2014ರಲ್ಲಿ ತೀರಿಕೊಳ್ಳುವವರೆಗೂ, ತೊಂಬತ್ತು ದಾಟಿದ ಮೇಲೂ, ಹಾಡುತ್ತಲೇ ಇದ್ದರು. 'ರುದ್ರಪಟ್ಟಣ ಸಹೋದರರು' ಎಂದು ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಗಾಯಕ ಆರ್.ಕೆ. ಪದ್ಮನಾಭ, ಹೀಗೆ ಪಟ್ಟಿ ಬೆಳೆಯುತ್ತದೆ. ಅರ್ಹತೆಯ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ ಎಂದು ಯಾರಿಗಾದರೂ ಅನ್ನಿಸಬಹುದು.

ಆದರೆ ಶ್ರೀಕಂಠನ್ ಅವರ ಹಿಂದೆ ಅವರ ಅಣ್ಣ ಆರ್.ಕೆ. ವೆಂಕಟರಾಮಾಶಾಸ್ತ್ರಿ ಇದ್ದಾರೆ. ಪಿಟೀಲು ವಿದ್ವಾಂಸರು, ತಮ್ಮನಿಗೆ ಪಾಠ ಹೇಳಿದವರು. ತಮ್ಮನ ಹೆಸರು ಕೇಳಿದವರಲ್ಲಿ ಅಣ್ಣನ ಹೆಸರು ಕೇಳಿದವರೆಷ್ಟು ಮಂದಿ? ಶ್ರೀಕಂಠನ್ ಅವರ ಬದುಕಿನಲ್ಲಿಯೇ ಇದಕ್ಕೆ ಹೊಂದುವ ಇನ್ನೊಂದು ಮುಖವಿದೆ. ಅವರು ಸುಮಾರು ಮೂರು ದಶಕ ಆಕಾಶವಾಣಿಯಲ್ಲಿ ದುಡಿದರು. ಬಾನುಲಿಯ ಸಂಗೀತ ಪಾಠದ ಮೂಲಕ, ಗುರುವಿನ ಮನೆಯ ಹೊಸ್ತಿಲು ತುಳಿಯಲಾಗದಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ, ಸಣ್ಣ ಊರಿನ ಮಾಸ್ತರುಗಳಿಗೆ ಕೃತಿಗಳನ್ನು ಕಲಿಸಿದರು. ಕಛೇರಿಯ ಶ್ರೀಕಂಠನ್ ದೊಡ್ಡವರೋ, ರೇಡಿಯೊ ಮುಂದೆ ಕೂತ ಕಾಣದ ಶಿಷ್ಯರಿಗೆ ಸಾಲು ಸಾಲಾಗಿ ಹೇಳಿಕೊಟ್ಟ ಶ್ರೀಕಂಠನ್ ದೊಡ್ಡವರೋ? ನನ್ನ ಮತ ಎರಡನೆಯವರ ಕಡೆಗೆ. ಪ್ರಶಸ್ತಿ ಪತ್ರಗಳಲ್ಲಿ ಮಾತ್ರ ಮೊದಲನೆಯವರಿಗೇ ಹೆಚ್ಚಿನ ಸಾಲುಗಳು.

ರುದ್ರಪಟ್ಟಣದಲ್ಲಿ ಒಂದು ಗೌರವಭವನ ಆಗಲೇ ಇದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಆರ್.ಕೆ. ಪದ್ಮನಾಭ ಅವರ ಸಂಕಲ್ಪದಿಂದ ಎದ್ದ, ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಅದು. ಸ್ವರಗಳೇ ಅಲ್ಲಿ ದೇವತೆಗಳು. ಜೊತೆಗೆ ಪುರಂದರದಾಸ, ಕನಕದಾಸ, ವಾದಿರಾಜರು; ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತ, ಶ್ಯಾಮಾಶಾಸ್ತ್ರಿಗಳು. ಅದು ಭಕ್ತಿಯ ಸ್ಥಳ, ಆಯ್ಕೆ ಸಮಿತಿಯ ತೀರ್ಪಲ್ಲ. ಆದರೂ ಅಲ್ಲೊಂದು ಖಚಿತವಾದ ಮಾನದಂಡವಿದೆ. ಅಲ್ಲಿರುವವರೆಲ್ಲ ವಾಗ್ಗೇಯಕಾರರು, ಹಾಡು ಕಟ್ಟಿದವರು. ಆ ಊರು ಹಾಡುವವರಿಂದ ಹೆಸರಾದದ್ದಾದರೂ ಹಾಡಿದವರು ಪೀಠವೇರಿಲ್ಲ. ಕನಕದಾಸರು ತ್ರಿಮೂರ್ತಿಗಳ ಸರಿಸಮಕ್ಕೆ ನಿಂತದ್ದು ಸಣ್ಣ ಸಂಗತಿಯಲ್ಲ. ಕರ್ನಾಟಕ ಸಂಗೀತದ ಸಭೆಗಳು ಎಷ್ಟೋ ವರ್ಷ ಅವರನ್ನು ಕಛೇರಿಯ ಕೊನೆಯ ತುಕ್ಕಡಗಳ ಸಾಲಿಗೆ ಸೇರಿಸಿದ್ದವು. ವಾಗ್ಗೇಯಕಾರರ ಈ ಸಾಲಿನಲ್ಲಿ ಹೆಣ್ಣಿನ ಹೆಸರೊಂದೂ ಇಲ್ಲ ಎಂಬುದು ಆ ಮಂದಿರದ ತಪ್ಪಲ್ಲ, ಪರಂಪರೆ ನೆನಪಿಟ್ಟುಕೊಂಡ ರೀತಿಯ ತಪ್ಪು.

ರುದ್ರಪಟ್ಟಣದ ಆಚೆ ಕಾಲಿಟ್ಟೊಡನೆ ತೊಡಕು ಹೆಚ್ಚುತ್ತದೆ. ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಅವರನ್ನು ತೆಗೆದುಕೊಳ್ಳಿ. 'ಕಾಕನಕೋಟೆ', 'ಸಂತ ಶಿಶುನಾಳ ಶರೀಫ', 'ನಾಗಮಂಡಲ' ಚಿತ್ರಗಳ ಸಂಗೀತ; ಶರೀಫರ ತತ್ವಪದಗಳನ್ನು ಬೆಂಗಳೂರಿನ ಮಧ್ಯಮ ವರ್ಗದ ಮನೆಯೊಳಗೆ ತಂದ ಆ ಒರಟು, ಎತ್ತರದ ಕಂಠ; 2005ರಲ್ಲಿ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ'ಕ್ಕೆ ಸೇರಿದ ಜನಸಾಗರ. ಕನ್ನಡ ಕವಿತೆ ಹಾಡಲು ಇಷ್ಟು ಜನ ಸೇರಬಹುದೆಂದು ಅಲ್ಲಿಯವರೆಗೆ ಯಾರೂ ಲೆಕ್ಕ ಹಾಕಿರಲಿಲ್ಲ. 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಅವರು ಕಣ್ಮುಚ್ಚಿದರು. ಅವರು ಬದುಕಿದ್ದಾಗ ಶಾಸ್ತ್ರೀಯ ಸಂಗೀತದ ಮಡಿವಂತರು ಸುಗಮ ಸಂಗೀತವನ್ನು ಸಂಗೀತವೆಂದು ಒಪ್ಪಲು ಮುಖ ಸಿಂಡರಿಸುತ್ತಿದ್ದರು. ಕವಿತೆಯ ಮೃದುತ್ವವನ್ನು ಅಶ್ವತ್ಥ್ ಅಬ್ಬರದಲ್ಲಿ ಮುಳುಗಿಸಿದರೆಂದು ಕಾವ್ಯಪ್ರಿಯರಲ್ಲಿಯೇ ಕೆಲವರು ದೂರಿದರು. ಎರಡು ಕಡೆಯ ದೂರುಗಳ ನಡುವೆ ಜನ ಹಾಡಿಕೊಂಡರು.

ಶಾಸ್ತ್ರೀಯ, ಸುಗಮ ಎಂಬ ಗೆರೆ ಎಷ್ಟು ತೆಳುವೆಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಭಾವಗೀತೆಗಳ ಗಾಯಕಿ ರತ್ನಮಾಲಾ ಪ್ರಕಾಶ್ ರುದ್ರಪಟ್ಟಣದ ಅದೇ ಮನೆತನದವರು. ಮನೆಯ ಹಿರಿಯರಿಗೆ ಒಂದು ಕೋಣೆ, ಮಗಳಿಗೆ ಇನ್ನೊಂದು ಕೋಣೆ ಎಂದು ಭವನವನ್ನು ಹಂಚುವುದು ಹೇಗೆ? ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡ ಅ.ನ. ಕೃಷ್ಣರಾಯರು ಹಾಡುಗಾರರಲ್ಲ. ಆದರೆ ಸಂಗೀತಗಾರನನ್ನೇ ನಾಯಕನನ್ನಾಗಿಸಿದ 'ಸಂಧ್ಯಾರಾಗ'ವನ್ನು ಬರೆದು, ಹಾಡುವುದು ಮರ್ಯಾದಸ್ಥರ ಕೆಲಸವಲ್ಲ ಎಂದುಕೊಂಡಿದ್ದ ಮನೆಗಳಲ್ಲಿ ಆ ಕಸುಬಿಗೆ ಗೌರವ ತಂದವರು. 1966ರಲ್ಲಿ ಅದು ಸಿನಿಮಾ ಆದಾಗ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಅದಕ್ಕೆ ಹಾಡಿದರು. ಅವರಿಗೆ ಒಂದು ಮೂಲೆಯಾದರೂ ಬೇಡವೆ?

ಇಂಥ ಜಗಳ ನಮ್ಮೊಬ್ಬರದಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿರುವ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಈ ಬಗೆಯ ಸಂಸ್ಥೆಗಳಲ್ಲೆಲ್ಲ ಹೆಚ್ಚು ಹೆಸರಾದದ್ದು. 1983ರಲ್ಲಿ ಹುಟ್ಟಿ 1986ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡ ಈ ಸಂಸ್ಥೆಯ ಮುಖ್ಯ ನಿಯಮ ಸರಳ: ಮೊದಲ ಧ್ವನಿಮುದ್ರಿಕೆ ಹೊರಬಂದು 25 ವರ್ಷ ತುಂಬಿರಬೇಕು. ಎಲ್ವಿಸ್ ಪ್ರೀಸ್ಲಿ, ಚಕ್ ಬೆರ್ರಿ, ಲಿಟಲ್ ರಿಚರ್ಡ್ ಮೊದಲ ತಂಡದಲ್ಲಿಯೇ ಸೇರಿದರು. ಒಬ್ಬ ಹೆಣ್ಣು, ಅರೀಥಾ ಫ್ರಾಂಕ್ಲಿನ್, ಒಳಹೊಕ್ಕದ್ದು 1987ರಲ್ಲಿ. ಅವರೆಲ್ಲರಿಗಿಂತ ಮೊದಲೇ ಎಲೆಕ್ಟ್ರಿಕ್ ಗಿಟಾರ್ ಹಿಡಿದು ದೇವರ ಹಾಡು ಹಾಡಿದ, ಬಾಲಕ ರಿಚರ್ಡ್‌ನನ್ನು ವೇದಿಕೆಗೆ ಕರೆದು ಹಾಡಿಸಿದ ಕರಿಯ ಹೆಣ್ಣುಮಗಳು ಸಿಸ್ಟರ್ ರೊಸೆಟ್ಟಾ ಥಾರ್ಪ್ 1973ರಲ್ಲಿ ತೀರಿಕೊಂಡಳು. ಭವನದ ಬಾಗಿಲು ಆಕೆಗೆ ತೆರೆದದ್ದು 2018ರಲ್ಲಿ. ಏಕಿಷ್ಟು ತಡ ಎಂಬುದಕ್ಕೆ 2023ರಲ್ಲಿ ಒಂದು ಸುಳಿವು ಸಿಕ್ಕಿತು. ಸಂಸ್ಥಾಪಕರಲ್ಲಿ ಒಬ್ಬರಾದ ಯಾನ್ ವೆನರ್ ಸಂದರ್ಶನವೊಂದರಲ್ಲಿ ಹೆಂಗಸರು ಮತ್ತು ಕರಿಯ ಸಂಗೀತಗಾರರ ಬಗ್ಗೆ ಹಗುರವಾಗಿ ಮಾತನಾಡಿ, ಆಡಳಿತ ಮಂಡಳಿಯಿಂದ ಹೊರಬೀಳಬೇಕಾಯಿತು. ನಿಯಮ ಕಾಗದದ ಮೇಲಿತ್ತು. ಅದನ್ನು ಅನ್ವಯಿಸುವವರ ಕಿವಿ ಮಾತ್ರ ಒಂದೇ ದಿಕ್ಕಿಗೆ ತಿರುಗಿತ್ತು.

ಧ್ವನಿಮುದ್ರಿಕೆಯೇ ಅರ್ಹತೆಯಾದರೆ, ಧ್ವನಿಮುದ್ರಣದ ಯಂತ್ರ ಯಾರ ಊರಿಗೆ ಹೋಯಿತೋ ಅವರೇ ಅರ್ಹರು. ಹಾಸನದ ಪಾಲಿಗೆ ಇದು ಹೊಸ ಪಾಠವೂ ಅಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1123ರ ಸುಮಾರಿಗೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲಾದೇವಿಯನ್ನು ಶಾಸನಗಳು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆ ಎಂದು ಹೊಗಳುತ್ತವೆ. ಜಿಲ್ಲೆಯ ಸಂಗೀತಕ್ಕೆ ಸಂದ ಹಳೆಯ ಗೌರವಪತ್ರಗಳಲ್ಲಿ ಇದೊಂದು. ಹೊಯ್ಸಳರ ಪಟ್ಟದರಸಿಗೆ ಕಲ್ಲು ಸಿಕ್ಕಿತು. ಬೇಲೂರಿನ ಗುಡಿಯಲ್ಲಿ ಮದನಿಕೆಯ ಕಾಲ ಬಳಿ ಮದ್ದಳೆ ಬಾರಿಸುತ್ತ ನಿಂತ ಪುಟ್ಟ ಆಕೃತಿಗಳನ್ನು ನೋಡಿ. ಬಳ್ಳಿಗಾವಿಯ ದಾಸೋಜ ಮತ್ತು ಚಾವಣ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರು ಕೊರೆದಿಟ್ಟು ಹೋಗಿದ್ದಾರೆ. ಆ ಮದ್ದಳೆಯವನಿಗೆ ಹೆಸರಿಲ್ಲ.

ಇಂದಿನ ಮದ್ದಳೆಯವರು ಯಾರು? ಹೊಳೆನರಸೀಪುರ ಎಂದೊಡನೆ ನಮಗೆ ನೆನಪಾಗುವುದು ರಾಜಕಾರಣ. ಹೇಮಾವತಿಯ ದಂಡೆಯ ಆ ಊರಿನ ಲಕ್ಷ್ಮೀನರಸಿಂಹಸ್ವಾಮಿ ರಥ ಹೊರಡಬೇಕಾದರೆ ವಾಲಗ ಬೇಕು, ಡೋಲು ಬೇಕು. ನಾಗಸ್ವರದವರು ಬಿಸಿಲಲ್ಲಿ, ಧೂಳಿನಲ್ಲಿ, ನಡೆಯುತ್ತಲೇ ರಾಗ ಬಿಡಿಸುತ್ತಾರೆ. ಕೂತು ಹಾಡುವ ವಿದ್ವಾಂಸರಿಗೆ ಈ ಕಷ್ಟವಿಲ್ಲ. ಆದರೆ 'ಕಛೇರಿ' ಎಂಬ ಮಾತಿಗೆ ನಡೆಯುತ್ತ ನುಡಿಸಿದ್ದು ಸೇರುವುದಿಲ್ಲ, ಆಮಂತ್ರಣ ಪತ್ರಿಕೆಯಲ್ಲಿ 'ಮಂಗಳವಾದ್ಯ' ಎಂದಿರುತ್ತದೆಯೇ ಹೊರತು ಹೆಸರಿರುವುದಿಲ್ಲ. ಮೂಡಲಪಾಯ ಯಕ್ಷಗಾನದ ಭಾಗವತ, ಮುಖವೀಣೆಯವನು, ಹಬ್ಬದ ದಿನ ತಮಟೆ ಹಿಡಿದು ಊರಿಗೇ ಮೊದಲು ಏಳುವ ದಲಿತ ಕೇರಿಯ ಯುವಕ, ರಾತ್ರಿಯಿಡೀ ತಂಬೂರಿ ಮೀಟಿ ತತ್ವಪದ ಹಾಡುವ ಹಿರಿಯರದೆಲ್ಲ ಇದೇ ಕತೆ. ಅಶ್ವತ್ಥ್ ಕಂಠದಲ್ಲಿ ಕೇಳಿ ನಾವು ತಲೆದೂಗಿದ ತತ್ವಪದ ಪರಂಪರೆಯನ್ನು ಅಲ್ಲಿಯವರೆಗೆ ತಲುಪಿಸಿದವರು ಇಂಥವರೇ.

ಹೆಂಗಸರ ಸಂಗತಿ ಇನ್ನೂ ಕಷ್ಟದ್ದು. ಸೋಬಾನೆ ಹಾಡುವವರಿಗೆ ವೇದಿಕೆಯೇ ಇಲ್ಲ. ಮದುವೆಮನೆಯ ಚಪ್ಪರವೇ ಸಭೆ, ಎಲೆ ಅಡಿಕೆಯೇ ಸಂಭಾವನೆ. ಈಗ ಚಪ್ಪರ ಹೋಗಿ ಕಲ್ಯಾಣ ಮಂಟಪ ಬಂತು, ಧ್ವನಿವರ್ಧಕ ಬಂತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 'ಹಳ್ಳಿಯ ಹಾಡುಗಳು' ಸಂಗ್ರಹಿಸಿದ ಜಿಲ್ಲೆ ಇದು. ಅವರಂಥವರಿಲ್ಲದಿದ್ದರೆ ಆ ಹಾಡುಗಳ ಪದಗಳೂ ಉಳಿಯುತ್ತಿರಲಿಲ್ಲ ಎಂಬ ಕೃತಜ್ಞತೆಯೊಂದಿಗೇ ಇದನ್ನೂ ಹೇಳಬೇಕು: ನಮ್ಮ ಜನಪದ ಸಂಗ್ರಹಗಳಲ್ಲಿ ಸಂಗ್ರಾಹಕರ ಹೆಸರು ಮುಖಪುಟದಲ್ಲಿರುತ್ತದೆ, ಹಾಡಿದಾಕೆಯ ಹೆಸರು ಇದ್ದರೆ ಅನುಬಂಧದಲ್ಲಿ.

ಎಲ್ಲರನ್ನೂ ಒಂದೇ ಗೋಡೆಗೆ ತಂದರೆ ಗುಣಮಟ್ಟದ ಗತಿಯೇನು ಎಂಬ ಆಕ್ಷೇಪ ಬಂದೇ ಬರುತ್ತದೆ. ಅದನ್ನು ಮಡಿವಂತಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ನಲವತ್ತು ವರ್ಷ ತಪಸ್ಸಿನಂತೆ ರಾಗಾಲಾಪನೆ ಸಾಧಿಸಿದವರನ್ನೂ ಊರಹಬ್ಬಕ್ಕೊಮ್ಮೆ ಹಾಡುವವರನ್ನೂ ಸಮಾನವೆಂದು ಕರೆದರೆ ಇಬ್ಬರಿಗೂ ಅನ್ಯಾಯ. ಜಾತಿ, ತಾಲ್ಲೂಕು, ಪಕ್ಷಗಳ ಲೆಕ್ಕ ಹಾಕಿ ಹೆಸರು ಹಂಚುವುದಂತೂ ಇನ್ನೂ ಕೆಟ್ಟದ್ದು; ಆ ಲೆಕ್ಕಾಚಾರವೇ ರಾಜ್ಯೋತ್ಸವ ಪಟ್ಟಿಯ ಮಾನ ಕಳೆದದ್ದು. ಆದರೆ ಗುಣಮಟ್ಟ ಇರುವುದು ಕಛೇರಿಯಲ್ಲಿ ಮಾತ್ರವಲ್ಲ. ಸಾವಿರ ಸಾಲಿನ ಕಾವ್ಯವನ್ನು ಪುಸ್ತಕವಿಲ್ಲದೆ ತಪ್ಪಿಲ್ಲದೆ ಹಾಡುವವನ ಕಲಿಕೆಯನ್ನು ಅಳೆಯಬಲ್ಲವರು ಅವನದೇ ಮೇಳದ ಹಿರಿಯರು. ವಾಲಗದವನ ತಾಳವನ್ನು ಅಳೆಯಬೇಕಾದವರು ಡೋಲಿನವರು. ಆಯಾ ಕಸುಬಿನ ತೀರ್ಪನ್ನು ಆಯಾ ಕಸುಬಿನವರಿಗೇ ಬಿಟ್ಟು, ಅವರೆಲ್ಲರ ಮುಂದೆ ಒಂದೇ ಪ್ರಶ್ನೆ ಇಡಬಹುದು: ಈ ವ್ಯಕ್ತಿ ಇಲ್ಲದಿದ್ದರೆ ನಮ್ಮಲ್ಲಿ ಯಾವ ಹಾಡು, ಯಾವ ಪಾಠ, ಯಾವ ಕೈಚಳಕ ನಿಂತುಹೋಗುತ್ತಿತ್ತು? ಈ ಪ್ರಶ್ನೆಗೆ ಶ್ರೀಕಂಠನ್ ನಿಲ್ಲುತ್ತಾರೆ, ಅಶ್ವತ್ಥ್ ನಿಲ್ಲುತ್ತಾರೆ, ವೆಂಕಟರಾಮಾಶಾಸ್ತ್ರಿಗಳೂ ನಿಲ್ಲುತ್ತಾರೆ. ಶಾಲುಗಳ ಸಂಖ್ಯೆಯಿಂದಲೇ ದೊಡ್ಡವರಾದ ಕೆಲವರು ನಿಲ್ಲಲಾರರು.

ಇದು ಬರೀ ಪಟದ ಜಗಳವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಕಷ್ಟದಲ್ಲಿರುವ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ಆ ಅರ್ಜಿ ಕೇಳುವುದೂ ದಾಖಲೆಯನ್ನೇ: ಹಾಡಿದ್ದಕ್ಕೆ ಪ್ರಮಾಣಪತ್ರ, ಫೋಟೊ, ಪತ್ರಿಕೆಯ ತುಣುಕು. ಹೆಸರು ಅಚ್ಚಾಗದವರಿಗೆ ಪ್ರಶಸ್ತಿಯಿಲ್ಲ, ಪ್ರಶಸ್ತಿಯಿಲ್ಲದವರ ಫೈಲು ತೆಳು, ಫೈಲು ತೆಳುವಾದರೆ ಮುಪ್ಪಿನಲ್ಲಿ ಔಷಧದ ಖರ್ಚಿಗೂ ಕೈ ಚಾಚಬೇಕು. ಗೌರವದ ಪಟ್ಟಿಯಿಂದ ಹೊರಗುಳಿದವರೇ ನೆರವಿನ ಪಟ್ಟಿಯಿಂದಲೂ ಹೊರಗುಳಿಯುತ್ತಾರೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಹಾಸನದಲ್ಲಿ ಒಂದು ಆಕಾಶವಾಣಿ ಕೇಂದ್ರವಿದೆ. ಬಾನುಲಿಯಲ್ಲಿ ಹಾಡುವ ಯಾರೇ ಆಗಲಿ, ವಿದ್ವಾಂಸರಾಗಲಿ ಸೋಬಾನೆ ತಂಡದ ಅಜ್ಜಿಯಾಗಲಿ, ಒಪ್ಪಂದದ ಕಾಗದಕ್ಕೆ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಬೇಕು. ಅದರಲ್ಲಿ ಹೆಸರು, ಊರು, ಸಂಭಾವನೆ ಎಲ್ಲ ಇರುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿ ಆ ಕಡತಗಳಲ್ಲಿ ಉಳಿದಿರುವುದನ್ನು ಕೇಳಿ ಪಡೆದು, ತಾಲ್ಲೂಕುವಾರು ಹೆಸರು ಬರೆದು, ಬದುಕಿರುವವರ ಮನೆಗೆ ಒಬ್ಬ ಸಿಬ್ಬಂದಿಯನ್ನು ಧ್ವನಿಮುದ್ರಣ ಯಂತ್ರದೊಂದಿಗೆ ಕಳುಹಿಸಿದರೆ ಸಾಕು. ಅದಕ್ಕೆ ಆಯ್ಕೆ ಸಮಿತಿ ಬೇಡ, ಶಿಫಾರಸು ಪತ್ರ ಬೇಡ, ನವೆಂಬರ್ ಒಂದರವರೆಗೆ ಕಾಯುವುದೂ ಬೇಡ.